ಎಂಟ್ರನ್ಸ್ ಫೀ ಕಟ್ಟಿದ ಮೇಲೂ ಮೆಡಿಗ್ಯಾಪ್ ಯಾಕೆ ಬೇಕು?

ಪ್ರಶ್ನೆ: ನನಗೆ 74 ವರ್ಷ, ಹೆಂಡತಿಗೆ 69. ಮೂವತ್ತು ವರ್ಷಕ್ಕೂ ಜಾಸ್ತಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಫಿಲಡೆಲ್ಫಿಯಾ ಹತ್ತಿರ ಇದ್ದಾಳೆ. ಅವಳಿಗೆ ಹತ್ತಿರವಾಗಲಿ ಎಂದು ಪೆನ್ಸಿಲ್ವೇನಿಯಾದ ಒಂದು ಸಿಸಿಆರ್‌ಸಿಗೆ (ವಾಸ, ಆರೈಕೆ ಎರಡೂ ಕೊನೆವರೆಗೂ ಒಂದೇ ಕಡೆ ಸಿಗುವ ಹಿರಿಯರ ಸಮುದಾಯಕ್ಕೆ) ಹೋಗುವ ಯೋಚನೆ ಮಾಡಿದ್ದೇವೆ. ಮನೆ ಮಾರಿ ಎಂಟ್ರನ್ಸ್ ಫೀ ಕಟ್ಟುತ್ತೇವೆ. ಒಪ್ಪಂದ 'ಟೈಪ್ ಎ', ಅಂದರೆ ಮುಂದೆ ನರ್ಸಿಂಗ್ ಆರೈಕೆ ಬೇಕಾದರೂ ತಿಂಗಳ ಫೀ ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ. ಈಗ ಅವರು ಕಳಿಸಿದ ಕಾಗದದಲ್ಲಿ ಮೆಡಿಕೇರ್‌ನ (ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯ) ಪಾರ್ಟ್ ಎ (ಆಸ್ಪತ್ರೆ ಖರ್ಚಿಗೆ), ಪಾರ್ಟ್ ಬಿ (ಡಾಕ್ಟರ ಖರ್ಚಿಗೆ) ಮತ್ತು ಅವರು ಒಪ್ಪುವಂಥ ಸಪ್ಲಿಮೆಂಟ್ ಪಾಲಿಸಿ (ಮೆಡಿಕೇರ್ ಕೊಡದೆ ಉಳಿಸಿದ ಪಾಲನ್ನು ತುಂಬುವ ಮೆಡಿಗ್ಯಾಪ್) ಕೊನೆವರೆಗೂ ಇರಲೇಬೇಕು ಎಂದಿದೆ. ನಮ್ಮಿಬ್ಬರದೂ ಪ್ರೀಮಿಯಂ ಇಲ್ಲದ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್, ಅಂದರೆ ಮೆಡಿಕೇರ್ ಸೌಲಭ್ಯವನ್ನು ಖಾಸಗಿ ಕಂಪನಿಯ ಮೂಲಕ ಪಡೆಯುವುದು. ನನಗೆ ಸಕ್ಕರೆ ಕಾಯಿಲೆ ಇದೆ, ಒಂದು ಸ್ಟೆಂಟ್ ಹಾಕಿದ್ದಾರೆ. 'ನರ್ಸಿಂಗ್ ಹೋಮಿಗೆ ಮೆಡಿಕೇರೇ ಕೊಡುತ್ತೆ, ಸಪ್ಲಿಮೆಂಟ್ ಯಾಕೆ' ಅಂತ ಒಬ್ಬ ಗೆಳೆಯ ಹೇಳಿದರೆ, 'ಅಡ್ವಾಂಟೇಜ್ ಇದ್ದವರನ್ನು ಅಲ್ಲಿ ಸೇರಿಸಿಕೊಳ್ಳುವುದೇ ಇಲ್ಲ' ಅಂತ ಇನ್ನೊಬ್ಬರು ಹೇಳುತ್ತಾರೆ. ಬರುವ ಅಕ್ಟೋಬರ್‌ನಲ್ಲೇ ಅಡ್ವಾಂಟೇಜ್ ಬಿಟ್ಟುಬಿಡಲೇ? ಹಳೆಯ ಲಾಂಗ್ ಟರ್ಮ್ ಕೇರ್ ಪಾಲಿಸಿಯನ್ನೂ ನಿಲ್ಲಿಸಬಹುದೇ? ಚಳಿಗಾಲದಲ್ಲಿ ಮೂರು ತಿಂಗಳು ನಾವು ಬೆಂಗಳೂರಿನಲ್ಲಿರುತ್ತೇವೆ. ಅದಕ್ಕೇನು ಮಾಡಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಅಕ್ಟೋಬರ್‌ನಲ್ಲಿ ಅಡ್ವಾಂಟೇಜ್ ಪ್ಲಾನ್ ಬಿಡಬೇಡಿ. ನೀವಾಗಿ ನೀವೇ ಅದನ್ನು ಬಿಟ್ಟರೆ ನಿಮಗೆ ಮೆಡಿಗ್ಯಾಪ್ ಸಿಗದೇ ಹೋಗಬಹುದು. ಊರು ಬದಲಾಯಿಸಿದ ಕಾರಣಕ್ಕೆ ಆ ಪ್ಲಾನ್ ಮುಗಿದರೆ ಮಾತ್ರ ಕಾನೂನು ನಿಮ್ಮ ಪರ ನಿಲ್ಲುತ್ತದೆ. ಇದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಜೀವಮಾನದ ಉಳಿತಾಯವನ್ನು ಒಂದೇ ಕಡೆ ಹಾಕುತ್ತಿದ್ದೀರಿ. 'ಕೊನೆವರೆಗೂ ನೋಡಿಕೊಳ್ಳುತ್ತೇವೆ' ಎಂದು ಹೇಳಿ ದುಡ್ಡು ತೆಗೆದುಕೊಳ್ಳುವವರು, ಮೇಲಿಂದ ಇನ್ಶೂರೆನ್ಸ್ ಕೂಡ ತನ್ನಿ ಅಂದರೆ ಅನುಮಾನ ಬರುವುದು ಸಹಜ. ಆದರೆ ಇದು ಮೋಸವಲ್ಲ. ಇಂಥ ಕಡೆಗಳಲ್ಲಿ ಬಹುತೇಕ ಎಲ್ಲರೂ ಹಾಕುವ ಷರತ್ತು ಇದು. ಇದರ ಹಿಂದಿರುವ ಲೆಕ್ಕ ತಿಳಿದರೆ ನೀವೂ ಒಪ್ಪುತ್ತೀರಿ.

ಟೈಪ್ ಎ ಒಪ್ಪಂದದಲ್ಲಿ ಸಿಸಿಆರ್‌ಸಿ ಕೊಡುವುದು ವಾಸ ಮತ್ತು ಆರೈಕೆ. ಮೊದಲು ನಿಮ್ಮದೇ ಅಪಾರ್ಟ್‌ಮೆಂಟ್, ಮುಂದೆ ಬೇಕಾದರೆ ಅಸಿಸ್ಟೆಡ್ ಲಿವಿಂಗ್, ಆಮೇಲೆ ನರ್ಸಿಂಗ್. ಆಸ್ಪತ್ರೆ, ಡಾಕ್ಟರು, ಔಷಧಿ, ಹಲ್ಲು, ಕಿವಿಯ ಮೆಷೀನು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಅವು ಮೆಡಿಕೇರ್ ಮತ್ತು ನಿಮ್ಮ ಪಾಲಿಸಿಯ ಹೊಣೆ. ಈ ಎರಡರ ನಡುವೆ ಒಂದು ಗಡಿ ಇದೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಅಲ್ಲೇ ಕ್ಯಾಂಪಸ್ಸಿನ ನರ್ಸಿಂಗ್ ವಿಭಾಗಕ್ಕೆ ಬರುವ ಮೊದಲ ಕೆಲವು ವಾರಗಳು. ಆ ವಾರಗಳ ಖರ್ಚು ಮೆಡಿಕೇರ್‌ನಿಂದ ಬರುತ್ತದೆ ಎಂದು ಲೆಕ್ಕ ಹಾಕಿಯೇ ಅವರು ನಿಮ್ಮ ತಿಂಗಳ ಫೀ ಗೊತ್ತು ಮಾಡಿರುತ್ತಾರೆ. ನಿಮ್ಮ ಬಳಿ ಇನ್ಶೂರೆನ್ಸ್ ಇಲ್ಲದಿದ್ದರೆ ಆ ಹೊರೆ ಅವರ ಮೇಲೆ, ಕೊನೆಗೆ ಅಲ್ಲಿರುವ ಎಲ್ಲ ಹಿರಿಯರ ಫೀ ಮೇಲೆ ಬೀಳುತ್ತದೆ. ಇನ್ನೊಂದು ಭಯವೂ ಅವರಿಗಿದೆ. ಒಂದು ದೊಡ್ಡ ಆಸ್ಪತ್ರೆ ಬಿಲ್ಲು ನಿಮ್ಮ ಉಳಿತಾಯ ತಿಂದುಹಾಕಿದರೆ ತಿಂಗಳ ಫೀ ಎಲ್ಲಿಂದ ಕಟ್ಟುತ್ತೀರಿ?

ಮೆಡಿಕೇರ್ ಕಾನೂನಾದದ್ದು 1965ರಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಫೌಲ್ಕ್‌ವೇಸ್ ಎಂಬ ಸಮುದಾಯವನ್ನು ತೆರೆದದ್ದು 1967ರಲ್ಲಿ. ಅಮೆರಿಕದಲ್ಲಿ ಈಗಿರುವ ಸಿಸಿಆರ್‌ಸಿಗಳು ಹೆಚ್ಚಾಗಿ ಬೆಳೆದದ್ದು ಮೆಡಿಕೇರ್ ಬಂದ ಮೇಲೆಯೇ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಲೆಕ್ಕ ಹಾಕಲು ಆಗುವುದಿಲ್ಲ.

ಈಗ ನಿಮ್ಮ ಮೊದಲ ಗೆಳೆಯರ ಮಾತಿಗೆ ಬರೋಣ. 'ನರ್ಸಿಂಗ್ ಹೋಮಿಗೆ ಮೆಡಿಕೇರ್ ಕೊಡುತ್ತೆ' ಅನ್ನುವುದು ನಮ್ಮವರಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು, ಎಬ್ಬಿಸಿ ಓಡಾಡಿಸುವುದು, ಇಷ್ಟೇ ಬೇಕಾಗಿದ್ದರೆ ಮೆಡಿಕೇರ್ ಒಂದು ಡಾಲರೂ ಕೊಡುವುದಿಲ್ಲ. ಅದು ಎಷ್ಟು ವರ್ಷ ನಡೆದರೂ ಸರಿ. ಮೆಡಿಕೇರ್ ಕೊಡುವುದು ಸ್ಕಿಲ್ಡ್ ನರ್ಸಿಂಗ್‌ಗೆ. ಅಂದರೆ ನರ್ಸ್ ಅಥವಾ ಥೆರಪಿಸ್ಟ್ ದಿನಾ ಬೇಕಾಗುವ ಚಿಕಿತ್ಸೆಗೆ. ಅದೂ ಒಂದು ಬೆನಿಫಿಟ್ ಅವಧಿಯಲ್ಲಿ (ಆಸ್ಪತ್ರೆ ಸೇರಿದ ದಿನದಿಂದ ಲೆಕ್ಕ ಹಾಕುವ ಒಂದು ಸುತ್ತಿನಲ್ಲಿ) ಹೆಚ್ಚೆಂದರೆ 100 ದಿನ. ಮೊದಲ 20 ದಿನ ಪೂರ್ತಿ ಅವರದೇ. 21ನೇ ದಿನದಿಂದ 100ನೇ ದಿನದವರೆಗೆ ದಿನಕ್ಕಿಷ್ಟು ಅಂತ ನೀವು ಕೊಡಬೇಕು. 2025ರಲ್ಲಿ ಅದು ದಿನಕ್ಕೆ 209.50 ಡಾಲರ್. 80 ದಿನಕ್ಕೆ 16,760 ಡಾಲರ್ ಆಯಿತು. ನಿಮ್ಮ ಸಿಸಿಆರ್‌ಸಿ ಸಪ್ಲಿಮೆಂಟ್ ಕೇಳುವುದು ಮುಖ್ಯವಾಗಿ ಈ ಮೊತ್ತಕ್ಕಾಗಿ.

ಎಲ್ಲ ಮೆಡಿಗ್ಯಾಪ್ ಪಾಲಿಸಿಗಳೂ ಇದನ್ನು ಕೊಡುವುದಿಲ್ಲ. ಪ್ಲಾನ್ ಸಿ, ಡಿ, ಎಫ್, ಜಿ, ಎಂ, ಎನ್ ಪೂರ್ತಿ ಕೊಡುತ್ತವೆ. ಪ್ಲಾನ್ ಕೆ ಅರ್ಧ, ಎಲ್ ಮುಕ್ಕಾಲು ಭಾಗ. ಪ್ಲಾನ್ ಎ ಮತ್ತು ಬಿ ಏನೂ ಕೊಡುವುದಿಲ್ಲ. 'ಮೆಡಿಗ್ಯಾಪ್ ಇದೆ' ಅಂದರೆ ಸಾಲದು, ಯಾವ ಅಕ್ಷರದ ಪ್ಲಾನ್ ಅನ್ನುವುದು ಮುಖ್ಯ. ಒಂದು ಗೊಂದಲ ಬೇಡ: ಮೆಡಿಗ್ಯಾಪ್‌ನ 'ಪ್ಲಾನ್ ಎ' ಬೇರೆ, ಮೆಡಿಕೇರ್‌ನ 'ಪಾರ್ಟ್ ಎ' ಬೇರೆ, ನಿಮ್ಮ ಒಪ್ಪಂದದ 'ಟೈಪ್ ಎ' ಇನ್ನೂ ಬೇರೆ.

ಇಲ್ಲಿ ಇನ್ನೊಂದು ದೊಡ್ಡ ತೊಡಕಿದೆ. ಒರಿಜಿನಲ್ ಮೆಡಿಕೇರ್ (ಸರ್ಕಾರವೇ ನೇರವಾಗಿ ಕೊಡುವ ಪಾರ್ಟ್ ಎ, ಬಿ) ಆ 100 ದಿನದ ಸೌಲಭ್ಯ ಕೊಡಬೇಕಾದರೆ, ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಸತತ ಮೂರು ದಿನ ಇನ್‌ಪೇಶೆಂಟ್ ಆಗಿ ದಾಖಲಾಗಿರಬೇಕು. ಬಿಡುಗಡೆಯಾದ ದಿನ ಲೆಕ್ಕಕ್ಕಿಲ್ಲ. 'ಅಬ್ಸರ್ವೇಶನ್' ಎಂದು ಬರೆದುಕೊಂಡು ಮಲಗಿಸಿದ್ದರೆ ಆ ದಿನಗಳೂ ಲೆಕ್ಕಕ್ಕಿಲ್ಲ. ಹಾಸಿಗೆ ಅದೇ, ನರ್ಸ್ ಅದೇ, ಡ್ರಿಪ್ ಅದೇ. ಕಾಗದದಲ್ಲಿ ಮಾತ್ರ ನೀವು ಹೊರರೋಗಿ. ಇದರಿಂದ ಪೆಟ್ಟು ತಿಂದ ಕುಟುಂಬಗಳನ್ನು ನಾನು ಈ ಕೆಲಸದಲ್ಲಿ ಬಹಳ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. 24 ಗಂಟೆಗಿಂತ ಜಾಸ್ತಿ ಅಬ್ಸರ್ವೇಶನ್‌ನಲ್ಲಿಟ್ಟರೆ ಆಸ್ಪತ್ರೆ ಅದನ್ನು ಬರಹದಲ್ಲಿ ತಿಳಿಸಲೇಬೇಕು. ಆ ಕಾಗದಕ್ಕೆ ಸುಮ್ನೆ ಸಹಿ ಹಾಕಿ ಕೊಟ್ಟುಬಿಡಬೇಡಿ. ಡಾಕ್ಟರನ್ನು ಕರೆದು, 'ಇವರನ್ನು ಇನ್‌ಪೇಶೆಂಟ್ ಮಾಡಲು ಯಾಕೆ ಆಗುವುದಿಲ್ಲ' ಎಂದು ಕೇಳಿ. ಈ ಮಾತನ್ನು ಮಗಳಿಗೂ ಹೇಳಿಟ್ಟಿರಿ. ಆ ಹೊತ್ತಿನಲ್ಲಿ ಮಾತಾಡಬೇಕಾದವಳು ಅವಳೇ ಅಲ್ವಾ?

ಹಾಗೆಯೇ 'ಇವರಲ್ಲಿ ಸುಧಾರಣೆ ಕಾಣುತ್ತಿಲ್ಲ, ಹಾಗಾಗಿ ಮೆಡಿಕೇರ್ ನಿಂತಿತು' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೆಡಿಕೇರ್ ನಿಲ್ಲಿಸಿದ್ದರ ವಿರುದ್ಧ ಹೂಡಿದ ಜಿಮ್ಮೋ ಮೊಕದ್ದಮೆಯಲ್ಲಿ 2013ರಲ್ಲಿ ಆದ ರಾಜಿಯ ಪ್ರಕಾರ, ಇರುವ ಸ್ಥಿತಿ ಹದಗೆಡದಂತೆ ನೋಡಿಕೊಳ್ಳಲು ಸ್ಕಿಲ್ಡ್ ಆರೈಕೆ ಬೇಕಾಗಿದ್ದರೂ ಸಾಕು. ಸುಧಾರಣೆ ಇಲ್ಲ ಎಂಬ ಒಂದೇ ಕಾರಣಕ್ಕೆ ನಿಲ್ಲಿಸುವಂತಿಲ್ಲ.

ಎರಡನೇ ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ಕೆಲವು ಸಮುದಾಯಗಳು ಅಡ್ವಾಂಟೇಜ್ ಪ್ಲಾನ್ ಒಪ್ಪುವುದಿಲ್ಲ. ಕೆಲವು ಒಪ್ಪುತ್ತವೆ, ಆದರೆ 'ಆ ಪ್ಲಾನ್ ಕೊಡದೇ ಹೋದದ್ದನ್ನು ನೀವೇ ತುಂಬಬೇಕು' ಎಂದು ಒಪ್ಪಂದದಲ್ಲಿ ಬರೆಯುತ್ತವೆ. ಅವರಿಗೆ ಕಷ್ಟ ಎಲ್ಲಿದೆ ಅಂದರೆ, ಅಡ್ವಾಂಟೇಜ್ ಪ್ಲಾನ್‌ಗೆ ತನ್ನದೇ ನೆಟ್‌ವರ್ಕ್ (ಅದರ ಜೊತೆ ಒಪ್ಪಂದವಿರುವ ಆಸ್ಪತ್ರೆ, ಡಾಕ್ಟರುಗಳ ಪಟ್ಟಿ) ಇರುತ್ತದೆ, ಮುಂಚೆ ಅನುಮತಿ ಪಡೆಯಬೇಕು, ಎಷ್ಟು ದಿನ ಎನ್ನುವುದನ್ನು ಪ್ಲಾನ್‌ನವರು ಆಗಾಗ ಮರುಪರಿಶೀಲಿಸಿ ನಿರ್ಧರಿಸುತ್ತಾರೆ. ಒಳ್ಳೆಯದೂ ಇದೆ. ಅನೇಕ ಪ್ಲಾನ್‌ಗಳು ಆ ಮೂರು ದಿನದ ನಿಯಮವನ್ನು ಕೇಳುವುದಿಲ್ಲ. ಪ್ರೀಮಿಯಂ ಕಡಿಮೆ.

ನಿಮ್ಮ ಸಮುದಾಯದ ನರ್ಸಿಂಗ್ ವಿಭಾಗ ಪ್ಲಾನ್‌ನ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೆ ನಿಮ್ಮನ್ನು ಎಲ್ಲೋ ದೂರದ ನರ್ಸಿಂಗ್ ಹೋಮಿಗೆ ಕಳಿಸಿ, ಮನೆಯವರು ಇಲ್ಲಿ ಒಬ್ಬರೇ ಉಳಿಯುವಂತಾಗುತ್ತದೆಯೇ? ಇದಕ್ಕೆ 2000ನೇ ಇಸವಿಯಲ್ಲಿ ಅಮೆರಿಕದ ಸಂಸತ್ತು ಒಂದು ರಕ್ಷಣೆ ತಂದಿದೆ. ಸಿಸಿಆರ್‌ಸಿಯಲ್ಲಿ ವಾಸ ಇರುವವರು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ತಮ್ಮದೇ ಕ್ಯಾಂಪಸ್ಸಿನ ನರ್ಸಿಂಗ್ ವಿಭಾಗಕ್ಕೆ ಮರಳಲು ಅಡ್ವಾಂಟೇಜ್ ಪ್ಲಾನ್ ಒಪ್ಪಲೇಬೇಕು. ಆದರೆ ಒಂದು ಷರತ್ತು. ಆ ನರ್ಸಿಂಗ್ ವಿಭಾಗ, ಪ್ಲಾನ್ ತನ್ನ ನೆಟ್‌ವರ್ಕ್‌ನವರಿಗೆ ಕೊಡುವಷ್ಟೇ ದರಕ್ಕೆ ಮತ್ತು ಷರತ್ತಿಗೆ ಒಪ್ಪಿಕೊಳ್ಳಬೇಕು. ಅದು ಒಪ್ಪದಿದ್ದರೆ ಈ ಹಕ್ಕು ಕೈಗೆ ಬರುವುದಿಲ್ಲ. ಆದ್ದರಿಂದ ಸಹಿ ಮಾಡುವ ಮೊದಲು ಸಮುದಾಯದವರನ್ನೇ ಕೇಳಿ: 'ನೀವು ಯಾವ ಯಾವ ಪ್ಲಾನ್‌ಗಳ ದರ ಒಪ್ಪುತ್ತೀರಿ?' ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ.

ನಿಮ್ಮ ವಿಷಯದಲ್ಲಿ ಕಾಗದದಲ್ಲಿ ಸಪ್ಲಿಮೆಂಟ್ ಎಂದೇ ಇದೆ. ಹಾಗಾಗಿ ಮೆಡಿಗ್ಯಾಪ್ ಪಡೆಯುವ ದಾರಿ ನೋಡೋಣ. ಮೆಡಿಗ್ಯಾಪ್ ಅನ್ನು ಆರೋಗ್ಯದ ಪ್ರಶ್ನೆ ಕೇಳದೆ ಕೊಡಲೇಬೇಕಾದ ಸಮಯ ಆರು ತಿಂಗಳು ಮಾತ್ರ. 65 ದಾಟಿ ಪಾರ್ಟ್ ಬಿ ಶುರುವಾದ ತಿಂಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ. ನಿಮ್ಮಿಬ್ಬರಿಗೂ ಅದು ಮುಗಿದಿದೆ. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಬೆರಳೆಣಿಕೆಯ ರಾಜ್ಯಗಳಲ್ಲಿ ಆಮೇಲೂ ಬಾಗಿಲು ತೆರೆದಿರುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಆ ಪಟ್ಟಿಯಲ್ಲಿಲ್ಲ. ಅಲ್ಲಿ ಕಂಪನಿಗಳು ನಿಮ್ಮ ಕಾಯಿಲೆಗಳ ಬಗ್ಗೆ ಕೇಳುತ್ತವೆ. ಸಕ್ಕರೆ ಕಾಯಿಲೆ ಮತ್ತು ಸ್ಟೆಂಟ್ ಎರಡೂ ಇದ್ದಾಗ 'ಆಗುವುದಿಲ್ಲ' ಅನ್ನಬಹುದು. ಅಕ್ಟೋಬರ್ 15ರಿಂದ ಡಿಸೆಂಬರ್ 7ರ ನಡುವೆ ಅಡ್ವಾಂಟೇಜ್ ಬಿಡಲು ನಿಮಗೆ ಹಕ್ಕಿದೆ, ಆದರೆ ಆ ಹಕ್ಕಿನ ಜೊತೆ ಮೆಡಿಗ್ಯಾಪ್ ಸಿಗುವ ಹಕ್ಕು ಬರುವುದಿಲ್ಲ. ಇದು ಗೊತ್ತಿಲ್ಲದೆ ಬಿಟ್ಟವರು ಸಪ್ಲಿಮೆಂಟೂ ಇಲ್ಲದೆ, ಅಡ್ವಾಂಟೇಜೂ ಇಲ್ಲದೆ ನಡುವೆ ಸಿಕ್ಕಿಕೊಳ್ಳುತ್ತಾರೆ.

ನಿಮಗಿರುವ ಬಾಗಿಲು ಬೇರೆ. ಅಡ್ವಾಂಟೇಜ್ ಪ್ಲಾನ್ ನಡೆಯುವ ಪ್ರದೇಶದಿಂದ ಹೊರಗೆ ವಾಸ ಬದಲಾಯಿಸಿ, ಒರಿಜಿನಲ್ ಮೆಡಿಕೇರ್‌ಗೆ ಮರಳಿದರೆ, ಹೊಸ ರಾಜ್ಯದಲ್ಲಿ ಮಾರುವ ಕೆಲವು ಮೆಡಿಗ್ಯಾಪ್ ಪ್ಲಾನ್‌ಗಳನ್ನು ಆರೋಗ್ಯ ನೋಡದೆ ಕೊಡಲೇಬೇಕು. ಕಾಯಿಲೆ ಇದೆ ಅಂತ ಪ್ರೀಮಿಯಂ ಜಾಸ್ತಿ ಮಾಡುವಂತಿಲ್ಲ. ಹಳೆಯ ಕಾಯಿಲೆಗೆ ಕಾಯಿಸುವಂತಿಲ್ಲ. ಹಳೆಯ ಪ್ಲಾನ್ ಮುಗಿಯುವ ದಿನಕ್ಕೆ 60 ದಿನ ಮೊದಲಿನಿಂದ, ಮುಗಿದ 63 ದಿನದೊಳಗೆ ಅರ್ಜಿ ಹಾಕಬೇಕು. ಅಷ್ಟೇ ಅವಧಿ.

ಇಲ್ಲಿ ನಿಮ್ಮಿಬ್ಬರಿಗೂ ಸಿಗುವ ಪ್ಲಾನ್ ಬೇರೆ ಬೇರೆ. ನೀವು 2020ರ ಜನವರಿ 1ಕ್ಕಿಂತ ಮೊದಲೇ ಮೆಡಿಕೇರ್‌ಗೆ ಅರ್ಹರಾದವರು. ನಿಮಗೆ ಈ ಹಕ್ಕಿನಲ್ಲಿ ಸಿಗುವುದು ಎ, ಬಿ, ಸಿ, ಎಫ್, ಕೆ, ಎಲ್. ನಿಮ್ಮ ಮನೆಯವರು ಆಮೇಲೆ ಅರ್ಹರಾದವರು. ಅವರಿಗೆ ಸಿ ಮತ್ತು ಎಫ್ ಬದಲು ಡಿ ಮತ್ತು ಜಿ. ಸಮುದಾಯದ ಷರತ್ತಿಗೆ ನಿಮಗೆ ಸಿ ಅಥವಾ ಎಫ್, ಅವರಿಗೆ ಡಿ ಅಥವಾ ಜಿ ಆದರೆ ಸರಿಯಾಗಿ ಹೊಂದುತ್ತದೆ. ಏಜೆಂಟ್ ಯಾರಾದರೂ 'ಇಬ್ಬರಿಗೂ ಪ್ಲಾನ್ ಎನ್ ಅಗ್ಗ' ಅಂದರೆ, ಅದು ಈ ಹಕ್ಕಿನ ಪಟ್ಟಿಯಲ್ಲಿಲ್ಲ ಎಂಬುದು ನೆನಪಿರಲಿ. ಅದಕ್ಕೆ ಆರೋಗ್ಯದ ಪ್ರಶ್ನೆ ಬರಬಹುದು.

ಎರಡು ಎಚ್ಚರಿಕೆ. ನಿಮ್ಮ ಈಗಿನ ಪ್ಲಾನ್ ಪೆನ್ಸಿಲ್ವೇನಿಯಾದ ಆ ಕೌಂಟಿಯಲ್ಲೂ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ. ಪಿಪಿಒ ಎಂಬ ಬಗೆಯ ಕೆಲವು ದೊಡ್ಡ ಅಡ್ವಾಂಟೇಜ್ ಪ್ಲಾನ್‌ಗಳು ಹಲವು ರಾಜ್ಯಗಳಲ್ಲಿ ಹಬ್ಬಿವೆ. ಹಾಗಿದ್ದರೆ ನೀವು ಪ್ರದೇಶದಿಂದ ಹೊರಗೆ ಹೋದಂತಾಗುವುದಿಲ್ಲ, ಈ ಹಕ್ಕೂ ಬರುವುದಿಲ್ಲ. ಇನ್ನೊಂದು, ಅಲ್ಲಿಗೆ ಹೋದ ತಕ್ಷಣ ಯಾರೋ ಹೇಳಿದರೆಂದು ಅಲ್ಲಿನ ಇನ್ನೊಂದು ಅಡ್ವಾಂಟೇಜ್ ಪ್ಲಾನ್ ಸೇರಿಬಿಡಬೇಡಿ. ಸೇರಿದರೆ ಬಾಗಿಲು ಮುಚ್ಚಿತು. ಮೆಡಿಗ್ಯಾಪ್ ತೆಗೆದುಕೊಂಡಾಗ ಔಷಧಿಗೆ ಪಾರ್ಟ್ ಡಿ ಬೇರೆಯಾಗಿ ಸೇರಬೇಕು ಎನ್ನುವುದನ್ನೂ ಮರೆಯಬೇಡಿ. ಅಡ್ವಾಂಟೇಜ್‌ನಲ್ಲಿ ಅದು ಸಾಮಾನ್ಯವಾಗಿ ಒಳಗೇ ಇರುತ್ತದೆ, ಹಾಗಾಗಿ ಬಹಳ ಜನ ಮರೆಯುತ್ತಾರೆ.

ಇಷ್ಟಕ್ಕೂ ಮೆಡಿಗ್ಯಾಪ್ ಪ್ರೀಮಿಯಂ ಪ್ರತಿ ತಿಂಗಳೂ ಇಬ್ಬರಿಗೂ ಬರುವ ಖರ್ಚು, ವಯಸ್ಸಿನ ಜೊತೆ ಏರುತ್ತದೆ. ಸಿಸಿಆರ್‌ಸಿ ತಿಂಗಳ ಫೀಯೂ ವರ್ಷ ವರ್ಷ ಏರುತ್ತದೆ. ಎರಡನ್ನೂ ಕೂಡಿಸಿ ಹದಿನೈದು ವರ್ಷದ ಲೆಕ್ಕ ಹಾಕಿ. ಅದು ತೀರಾ ಬಿಗಿಯಾದರೆ, ಅಡ್ವಾಂಟೇಜ್ ಒಪ್ಪುವ ಇನ್ನೊಂದು ಸಮುದಾಯ ನೋಡುವುದು ತಪ್ಪಲ್ಲ. ನನ್ನನ್ನು ಕೇಳಿದರೆ, ನಿಮ್ಮ ಆರೋಗ್ಯದ ಸ್ಥಿತಿಯಲ್ಲಿ ಈ 63 ದಿನದ ಅವಕಾಶ ಕಳೆದುಕೊಳ್ಳಬಾರದು. ಮತ್ತೆ ಅದು ಸುಲಭವಾಗಿ ಬರುವುದಿಲ್ಲ.

ಲಾಂಗ್ ಟರ್ಮ್ ಕೇರ್ ಪಾಲಿಸಿ ಬಗ್ಗೆ ಅವಸರ ಬೇಡ. ಟೈಪ್ ಎ ಒಪ್ಪಂದ ಮತ್ತು ಆ ಪಾಲಿಸಿ ಎರಡೂ ಹೆಚ್ಚೂ ಕಡಿಮೆ ಒಂದೇ ಕಷ್ಟಕ್ಕಾಗಿ ಇರುವಂಥವು, ನಿಜ. ದಿನನಿತ್ಯದ ಆರು ಕೆಲಸಗಳಲ್ಲಿ ಎರಡನ್ನು ತಾವೇ ಮಾಡಿಕೊಳ್ಳಲು ಆಗದಿದ್ದಾಗ, ಅಥವಾ ಮರೆವಿನ ಕಾಯಿಲೆ ಬಂದಾಗ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಶುರುವಾಗುತ್ತವೆ. ಅದಕ್ಕೂ ಮೊದಲು ಕಾಯುವ ಅವಧಿ ಇರುತ್ತದೆ, ಬಹಳಷ್ಟರಲ್ಲಿ 90 ದಿನ. ತೊಡಕು ಇಲ್ಲಿದೆ: ಅನೇಕ ಪಾಲಿಸಿಗಳು 'ಆರೈಕೆಗೆ ನಿಜವಾಗಿ ಆದ ಖರ್ಚನ್ನು' ಮಾತ್ರ ಕೊಡುತ್ತವೆ. ಟೈಪ್ ಎನಲ್ಲಿ ಆರೈಕೆ ಹೆಚ್ಚಾದರೂ ನಿಮ್ಮ ಫೀ ಹೆಚ್ಚುವುದಿಲ್ಲ. ಆಗ ಕಂಪನಿ 'ನಿಮಗೆ ಹೊಸದಾಗಿ ಖರ್ಚೇ ಆಗಿಲ್ಲವಲ್ಲ' ಎನ್ನಬಹುದು. ಪಾಲಿಸಿ ಪುಸ್ತಕವನ್ನು ಸಮುದಾಯದ ಹಣಕಾಸು ವಿಭಾಗದವರ ಮುಂದಿಟ್ಟು, 'ಆರೈಕೆಯ ಭಾಗ ಇಷ್ಟು ಎಂದು ಬಿಲ್ಲಿನಲ್ಲಿ ಬೇರೆ ತೋರಿಸುತ್ತೀರಾ' ಎಂದು ಕೇಳಿ. ತೋರಿಸುತ್ತೇವೆ ಎಂದರೆ ಪಾಲಿಸಿ ಇಟ್ಟುಕೊಳ್ಳಲು ಅರ್ಥವಿದೆ. ಇಲ್ಲವೆಂದರೆ, ಕೇರ್ ಬಳಸಿದಂತೆ ದುಡ್ಡು ಕೊಡುವ ಟೈಪ್ ಸಿ ಒಪ್ಪಂದವೇ ಈ ಪಾಲಿಸಿ ಇದ್ದವರಿಗೆ ಲಾಭವೇ ಎಂದು ಹೋಲಿಸಿ ನೋಡಿ. ಟೈಪ್ ಸಿಯಲ್ಲಿ ಎಂಟ್ರನ್ಸ್ ಫೀ ಸಾಮಾನ್ಯವಾಗಿ ಕಡಿಮೆ, ನಡುವೆ ಟೈಪ್ ಬಿ ಕೂಡ ಇದೆ. ಏನೇ ಆಗಲಿ, ಸಮುದಾಯದ ವೈದ್ಯಕೀಯ ತಪಾಸಣೆ ಮುಗಿದು, ನಿಮ್ಮಿಬ್ಬರನ್ನೂ ಟೈಪ್ ಎಗೆ ಒಪ್ಪಿಕೊಂಡು, ಒಪ್ಪಂದ ರದ್ದು ಮಾಡುವ ಗಡುವು ದಾಟಿ, ನೀವು ಅಲ್ಲಿ ವಾಸಕ್ಕೆ ಹೋಗುವವರೆಗೆ ಪಾಲಿಸಿಯನ್ನು ಮುಟ್ಟಬೇಡಿ. ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಮನೆ ಮಾರುವ ವರ್ಷ ಹುಷಾರಾಗಿರಿ. ಗಂಡ ಹೆಂಡತಿಗೆ ಮನೆ ಮಾರಾಟದ ಲಾಭದಲ್ಲಿ 5 ಲಕ್ಷ ಡಾಲರ್‌ವರೆಗೆ ತೆರಿಗೆ ಇಲ್ಲ. ಎಡಿಸನ್‌ನಲ್ಲಿ ಆಗ ಕೊಂಡ ಮನೆಗೆ ಅದಕ್ಕಿಂತ ಜಾಸ್ತಿ ಲಾಭ ಬಂದರೆ, ಉಳಿದದ್ದು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಮೆಡಿಕೇರ್ ಪಾರ್ಟ್ ಬಿ ಪ್ರೀಮಿಯಂ ಅನ್ನು ಎರಡು ವರ್ಷ ಹಿಂದಿನ ಆದಾಯ ನೋಡಿ ಹಾಕುತ್ತಾರೆ. 2025ರಲ್ಲಿ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 185 ಡಾಲರ್. ಜಂಟಿ ಆದಾಯ 2,12,000 ಡಾಲರ್ ದಾಟಿದವರಿಗೆ ಹೆಚ್ಚುವರಿ ಬಿತ್ತು. ಮನೆ ಮಾರಿದ್ದಕ್ಕೆ ಅಂತ ಮನವಿ ಮಾಡಿದರೆ ಸೋಶಿಯಲ್ ಸೆಕ್ಯುರಿಟಿಯವರು ಒಪ್ಪುವುದಿಲ್ಲ, ಅವರ ಪಟ್ಟಿಯಲ್ಲಿ ಆ ಕಾರಣ ಇಲ್ಲ. ಟೈಪ್ ಎ ಎಂಟ್ರನ್ಸ್ ಫೀಯ ಒಂದು ಭಾಗವನ್ನು ವೈದ್ಯಕೀಯ ಖರ್ಚು ಎಂದು ತೆರಿಗೆಯಲ್ಲಿ ತೋರಿಸಬಹುದು. ಆದಾಯದ ಶೇ. 7.5 ಮೀರಿದ್ದಕ್ಕೆ ಮಾತ್ರ ವಿನಾಯಿತಿ. ಆದರೆ ಈ ವಿನಾಯಿತಿ ತೆರಿಗೆ ಇಳಿಸುತ್ತದೆ, ಮೆಡಿಕೇರ್ ಹೆಚ್ಚುವರಿಯನ್ನು ಇಳಿಸುವುದಿಲ್ಲ. ಹೆಚ್ಚುವರಿ ಒಂದು ವರ್ಷದ ಮಟ್ಟಿಗೆ, ಅಷ್ಟೇ. ಎರಡು ವರ್ಷ ಬಿಟ್ಟು ಬರುವ ಆ ಪತ್ರ ನೋಡಿ ಗಾಬರಿಯಾಗದಿರಲಿ ಎಂದು ಈಗಲೇ ಹೇಳುತ್ತಿದ್ದೇನೆ.

ಮಕ್ಕಳ ಗ್ರೀನ್ ಕಾರ್ಡ್ ಸ್ಪಾನ್ಸರ್ ಮೇಲೆ ಬಂದ ಅಪ್ಪ ಅಮ್ಮನನ್ನು ಇಂಥ ಕಡೆ ಸೇರಿಸಲು ನೋಡುವವರಿಗೂ ಒಂದು ಮಾತು. ನಿಮ್ಮಂತೆ ಇಲ್ಲಿ ಹತ್ತು ವರ್ಷ ಕೆಲಸ ಮಾಡಿ ತೆರಿಗೆ ಕಟ್ಟಿದವರಿಗೆ, ಅವರ ದಾಖಲೆ ಮೇಲೆ ಅವರ ಹೆಂಡತಿಗೆ ಅಥವಾ ಗಂಡನಿಗೆ, ಪಾರ್ಟ್ ಎ ಉಚಿತ. ಇಲ್ಲಿ ದುಡಿಯದ ತಂದೆ ತಾಯಿಗೆ ಹಾಗಲ್ಲ. 65 ದಾಟಿ, ಗ್ರೀನ್ ಕಾರ್ಡ್ ಮೇಲೆ ಸತತ 5 ವರ್ಷ ಇಲ್ಲಿದ್ದ ಮೇಲೆ ದುಡ್ಡು ಕೊಟ್ಟು ಕೊಳ್ಳಬಹುದು. 2025ರಲ್ಲಿ ಪಾರ್ಟ್ ಎ ಪೂರ್ತಿ ಪ್ರೀಮಿಯಂ ಒಬ್ಬರಿಗೆ ತಿಂಗಳಿಗೆ 518 ಡಾಲರ್. ದುಬಾರಿ ಎಂದು ಪಾರ್ಟ್ ಬಿ ಮಾತ್ರ ತೆಗೆದುಕೊಂಡರೆ ಮೆಡಿಗ್ಯಾಪ್ ಸಿಗುವುದಿಲ್ಲ, ಅದಕ್ಕೆ ಎರಡೂ ಬೇಕು. ತಡ ಮಾಡಿದರೆ ಪಾರ್ಟ್ ಬಿಗೆ ಪ್ರತಿ ಪೂರ್ಣ ವರ್ಷಕ್ಕೆ ಶೇ. 10ರಂತೆ ದಂಡ, ಅದೂ ಪಾರ್ಟ್ ಬಿ ಇರುವಷ್ಟು ಕಾಲ.

ಬೆಂಗಳೂರಿನ ಮೂರು ತಿಂಗಳ ವಿಚಾರ. ಭಾರತದಲ್ಲಿ ಆಗುವ ಆಸ್ಪತ್ರೆ ಖರ್ಚಿಗೆ ಒರಿಜಿನಲ್ ಮೆಡಿಕೇರ್ ಏನೂ ಕೊಡುವುದಿಲ್ಲ. ಆದರೆ ಮೆಡಿಗ್ಯಾಪ್ ಸಿ, ಡಿ, ಎಫ್, ಜಿ ಇದ್ದರೆ ವಿದೇಶದಲ್ಲಿ ತುರ್ತು ಚಿಕಿತ್ಸೆಗೆ, ಮೊದಲ 250 ಡಾಲರ್ ನೀವು ಕೊಟ್ಟ ಮೇಲೆ, ಶೇ. 80 ಕೊಡುತ್ತಾರೆ. ಜೀವಮಾನಕ್ಕೆ ಮಿತಿ 50,000 ಡಾಲರ್. ಮತ್ತು ಪ್ರವಾಸದ ಮೊದಲ 60 ದಿನದಲ್ಲಿ ಶುರುವಾದ ತುರ್ತಿಗೆ ಮಾತ್ರ. ಅಂದರೆ ನಿಮ್ಮ ಮೂರನೇ ತಿಂಗಳಿಗೆ ರಕ್ಷಣೆ ಇಲ್ಲ. ಆ ತಿಂಗಳೂ ಸೇರುವಂತೆ ಒಂದು ಟ್ರಾವೆಲ್ ಪಾಲಿಸಿ ತೆಗೆದುಕೊಳ್ಳಿ, ಸ್ಟೆಂಟ್ ಮತ್ತು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ತುರ್ತು ಅದರಲ್ಲಿ ಸೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಪೆನ್ಸಿಲ್ವೇನಿಯಾದಲ್ಲಿ ಸಿಸಿಆರ್‌ಸಿಗಳನ್ನು ನೋಡಿಕೊಳ್ಳುವುದು ರಾಜ್ಯದ ವಿಮಾ ಇಲಾಖೆ. ಸಮುದಾಯ ನಿಮಗೆ ಹಣಕಾಸಿನ ವಿವರ ಇರುವ ಡಿಸ್‌ಕ್ಲೋಶರ್ ಸ್ಟೇಟ್‌ಮೆಂಟ್ ಕೊಡಬೇಕು. ಅದನ್ನು, ಒಪ್ಪಂದದ ಇನ್ಶೂರೆನ್ಸ್ ಭಾಗವನ್ನು ಮತ್ತು ನಿಮ್ಮ ಈಗಿನ ಪ್ಲಾನ್‌ನ ಕಾರ್ಡುಗಳನ್ನು ಹಿಡಿದು 'ಪಿಎ ಮೆಡಿ' ಸಲಹೆಗಾರರ ಹತ್ತಿರ ಹೋಗಿ. ಇದು ರಾಜ್ಯ ಸರ್ಕಾರದ ಉಚಿತ ಮೆಡಿಕೇರ್ ಸಲಹಾ ವ್ಯವಸ್ಥೆ, ಅವರು ಏನನ್ನೂ ಮಾರುವುದಿಲ್ಲ. ಪಾಲಿಸಿ ನಿಂತುಹೋದರೆ ಸಮುದಾಯವೇ ಕೊಂಡು ನಿಮ್ಮ ಬಿಲ್ಲಿಗೆ ಹಾಕುತ್ತದೆಯೇ ಅಥವಾ ಒಪ್ಪಂದವನ್ನೇ ಮುರಿಯುತ್ತದೆಯೇ ಎಂಬ ಸಾಲನ್ನು ಅವರ ಜೊತೆ ಕೂತು ಓದಿ. ಮನೆ ಖಾಲಿ ಮಾಡುವ ದಿನ ಗೊತ್ತಾದ ಕೂಡಲೇ ಅವರಿಗೆ ತಿಳಿಸಿದರೆ, ಆ 60 ಮತ್ತು 63 ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲು ನೆರವಾಗುತ್ತಾರೆ.